ಮೇಜಿನ ಮೇಲೊಂದು ಕಡಲ್ಗಳ್ಳರ ಹಡಗು: ಅಳತೆ ತಪ್ಪಿದರೆ ದುಡ್ಡೂ ದಂಡ!

ಆಟದ ಹಡಗಿಗೆಂದು ಸಾವಿರಾರು ರೂಪಾಯಿ ಸುರಿದು, ಪೆಟ್ಟಿಗೆ ಬಿಚ್ಚಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ಬೇಕಾದಷ್ಟು ಮಂದಿ ಇದ್ದಾರೆ. ಹಡಗೇನೋ ಚೆಂದವೇ ಇರುತ್ತದೆ. ಆದರೆ ಅದರ ಮೇಲೆ ನಿಲ್ಲಬೇಕಾದ ಪುಟ್ಟ ಗೊಂಬೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ!

ಇದು ಯಾವ ಆಟ ಎನ್ನುವಿರಾ? ಕಾಸರಗೋಡಿನ ಕಡೆಯವರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಗಿಂದಾಗ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂಬುದೂ ಸುಮಾರಾಗಿ ಹೀಗೆಯೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ, ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ. ಪ್ರಸಂಗ ಮಾತ್ರ ಮೊದಲೇ ಗೊತ್ತಿರುವುದಿಲ್ಲ. ಎದುರಿನ ಹಡಗಿಗೆ ನೆಗೆದವನು ಹಲಗೆಯ ಮೇಲೆ ಬಿದ್ದನೋ ನೀರಿಗೆ ಬಿದ್ದನೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', 1974ರಲ್ಲಿ, ಅಮೆರಿಕದಲ್ಲಿ. ಅದನ್ನು ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅದಕ್ಕೂ ಎರಡು ವರ್ಷ ಮೊದಲು, 1972ರಲ್ಲಿ, ಇವರಿಬ್ಬರೂ ಮೈಕ್ ಕಾರ್ ಜತೆ ಸೇರಿ ಒಂದು ಆಟದ ಪುಸ್ತಕ ತಂದಿದ್ದರು. ಅದರ ವಿಷಯವೇ ಹಾಯಿಹಡಗುಗಳ ಕಾಳಗ! 2003ರಲ್ಲಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸಿನಿಮಾ ಬಂದ ಮೇಲೆ ಕಡಲ್ಗಳ್ಳರ ಕತೆಗಳಿಗೆ ಇನ್ನಷ್ಟು ಗಿರಾಕಿಗಳಾದರು.

ಈಗ ಅಳತೆಯ ಮಾತಿಗೆ ಬರೋಣ. ಪೆಟ್ಟಿಗೆಯ ಮೇಲೆ 1:72 ಎಂದಿದ್ದರೆ ಅಸಲಿ ಹಡಗಿನ 72ರಲ್ಲಿ ಒಂದು ಪಾಲು ಎಂದರ್ಥ. ಆಟದ ಹಾಸಿನಲ್ಲಿ ಒಂದಂಗುಲದ ಚೌಕವನ್ನು 5 ಅಡಿ ಎಂದು ಹಿಡಿಯುವುದು ರೂಢಿ. 5 ಅಡಿಗೆ 60 ಅಂಗುಲ. ಅಂದರೆ ಆಟದ ಅಳತೆ 1:60. ಅಸಲಿನಲ್ಲಿ 170 ಸೆಂಟಿಮೀಟರ್ ಎತ್ತರದ ಆಳು ಮೇಜಿನ ಮೇಲೆ 28 ಮಿಲಿಮೀಟರ್ ಆಗುತ್ತಾನೆ. ಅಂಗಡಿಯಲ್ಲಿ ಸಿಗುವ ಆಟದ ಗೊಂಬೆಗಳ ಎತ್ತರವೂ ಹೆಚ್ಚುಕಮ್ಮಿ ಇಷ್ಟೇ.

ಇಷ್ಟು ಗೊತ್ತಿದ್ದರೆ ಕಿಸೆಗೆ ಕತ್ತರಿ ಬೀಳುವುದು ತಪ್ಪುತ್ತದೆ. ಏರ್‌ಫಿಕ್ಸ್ ಕಂಪನಿಯ 'ವಿಕ್ಟರಿ' ಯುದ್ಧನೌಕೆಯ ಕಿಟ್ ಬಹಳ ಹೆಸರುವಾಸಿ. ಅದರ ಅಳತೆ 1:180. ಅದರ ಮೇಲೆ ನಿಲ್ಲಬೇಕಾದ ನಾವಿಕ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಶೋಕೇಸಿಗೆ ಸರಿ, ಆಟಕ್ಕಲ್ಲ. ಝ್ವೆಜ್ದಾ ಕಂಪನಿಯ 'ಬ್ಲ್ಯಾಕ್ ಪರ್ಲ್' ಕಿಟ್ 1:72. ಅಸಲು ಲೆಕ್ಕದಲ್ಲಿ ಇಲ್ಲಿ ಆಳು 24 ಮಿಲಿಮೀಟರ್‌ಗೆ ಬರುತ್ತಾನೆ. 28ರ ಗೊಂಬೆ ತುಸು ದಪ್ಪಗೆ ಕಂಡರೂ ಯಾರೂ ತಕರಾರು ತೆಗೆಯುವುದಿಲ್ಲ.

ಮಕ್ಕಳ ಆಟಿಕೆ ಹಡಗುಗಳನ್ನು ಮಾತ್ರ ಕಡೆಗಣಿಸಬೇಡಿ. ಪ್ಲೇಮೊಬಿಲ್ ಕಡಲ್ಗಳ್ಳರ ಹಡಗು ಗಟ್ಟಿ, ಅಗಲ, ಹತ್ತು ಕೈ ಬದಲಾದರೂ ಮುರಿಯುವುದಿಲ್ಲ. ತೊಂದರೆ ಇರುವುದು ಒಂದೇ. ಆ ಕಂಪನಿಯ ಗೊಂಬೆ ಏಳೂವರೆ ಸೆಂಟಿಮೀಟರ್ ಎತ್ತರ. ಆ ಗೊಂಬೆಯ ಸೊಂಟಕ್ಕೆ ಬರುವ ಅಂಚುಗೋಡೆಯ ಹಿಂದೆ ನಮ್ಮ 28 ಮಿಲಿಮೀಟರಿನ ಕಳ್ಳ ಮುಳುಗಿಯೇ ಹೋಗುತ್ತಾನೆ. ಪರಿಹಾರ ಸುಲಭ. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ತುಂಡುಗಳನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಪೇರಿಸಿ ಒಳನೆಲವನ್ನೇ ಎತ್ತರಿಸಿದರಾಯಿತು. ಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಹಲಗೆಯಂತೆ ಅಂಟಿಸಿ, ಅಂಗುಲಕ್ಕೊಂದು ಸಣ್ಣ ಗುರುತು ಹಾಕಿದರೆ ಚೌಕವೂ ಸಿದ್ಧ.

ಲೆಗೋ 1989ರಲ್ಲಿ ಕಡಲ್ಗಳ್ಳರ ಸರಣಿ ಶುರುಮಾಡಿತು. ಆ ಹಡಗುಗಳೂ ಆದೀತು, ಬೆಲೆ ಮಾತ್ರ ಕೇಳಬೇಡಿ. 2004ರಲ್ಲಿ ಬಂದ ವಿಜ್‌ಕಿಡ್ಸ್ ಕಂಪನಿಯ 'ಪೈರೇಟ್ಸ್ ಆಫ್ ದಿ ಸ್ಪ್ಯಾನಿಷ್ ಮೇನ್' ಹಡಗುಗಳು ಕಾರ್ಡಿನಿಂದ ಬಿಡಿಸಿ ಜೋಡಿಸುವಂಥವು, ಅಂಗೈಯಲ್ಲಿ ಕೂರುತ್ತವೆ. ಗೊಂಬೆ ನಿಲ್ಲದಿದ್ದರೂ, ಯಾವ ಹಡಗು ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ತ್ರೀ-ಡಿ ಪ್ರಿಂಟರ್ ಇರುವ ಗೆಳೆಯನಿದ್ದರೆ ಅದೂ ಒಂದು ದಾರಿ.

ಪ್ರವಾಸಿ ತಾಣಗಳಲ್ಲಿ ಮಾರುವ ಮರದ ಹಡಗುಗಳಲ್ಲಿ ನೋಟಕ್ಕಿರುವಷ್ಟು ಜಾಗ ಆಟಕ್ಕಿಲ್ಲ. ಕಲ್ಲಿಕೋಟೆ ಬಳಿಯ ಬೇಪೂರಿನ ಉರುಗಳ ಪುಟ್ಟ ಮಾದರಿಗಳೂ ಸಿಗುತ್ತವೆ. ಅರಬ್ಬೀ ಸಮುದ್ರದ ಕತೆಗೆ ಇಂಗ್ಲಿಷ್ ಹಡಗಿಗಿಂತ ಅದೇ ಹೆಚ್ಚು ಒಪ್ಪುತ್ತದೆ. ಆದರೆ ಕುಶಲಿಗನೊಬ್ಬ ಕೈಯಾರೆ ಕೆತ್ತಿದ ಉರುವಿಗೆ ಗರಗಸ ಹಾಕುವುದು ಪಾಪದ ಕೆಲಸ. ಅದರ ತಳವನ್ನು ಕೊಯ್ಯುವ ಬದಲು ಥರ್ಮಕೋಲ್ ಹಾಳೆಯಲ್ಲಿ ಅದೇ ಆಕಾರದ ಕಿಂಡಿ ಕೊರೆದು ಕೂರಿಸಿ, ಸುತ್ತ ನೀಲಿ ಬಳಿದರೆ ತೇಲಿದಂತೆಯೇ ಕಾಣುತ್ತದೆ. ಪ್ಲಾಸ್ಟಿಕ್ ಕಿಟ್ ಆದರೆ ನೀರಿನ ಗೆರೆಗೆ ಸರಿಯಾಗಿ ಕೊಯ್ದು ಚಪ್ಪಟೆ ಮಾಡುವುದೇ ಲೇಸು. ಆಗ ಹಡಗನ್ನು ಮೇಜಿನ ಮೇಲೆ ಬೇಕಾದಲ್ಲಿಗೆ ಸರಿಸಬಹುದು.

ಅಂದಹಾಗೆ, ಥರ್ಮಕೋಲಿಗೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ. ಅದರಲ್ಲಿರುವ ದ್ರಾವಕಕ್ಕೆ ಥರ್ಮಕೋಲ್ ಕರಗಿ ಗುಳಿ ಬೀಳುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಎರಡು ಸಲ ಬಳಿದು ಒಣಗಿಸಿ, ಆಮೇಲೆ ನೀರಿನ ಬಣ್ಣ ಹಚ್ಚಿದರೆ ಸಾಕು.

ಹಾಯಿಕಂಬಗಳೇ ಆಟಗಾರರ ಮೊದಲ ಶತ್ರು. ಗೊಂಬೆ ಸರಿಸಲು ಹೋದ ಕೈಗೆ ಕಂಬವೂ ಹಗ್ಗವೂ ಸಿಕ್ಕಿಕೊಂಡು ಎಲ್ಲ ಉರುಳಿಬೀಳುತ್ತದೆ. ಯಾರ ಗೊಂಬೆ ಎಲ್ಲಿತ್ತು ಎಂಬ ಜಗಳ ಅಲ್ಲಿಂದಲೇ ಶುರು! ಅದಕ್ಕೇ ಕಂಬವನ್ನು ಅಂಟಿಸಬಾರದು. ಹಳೆಯ ಬಾಲ್‌ಪೆನ್ನಿನ ಕೊಳವೆಯ ತುಂಡನ್ನು ನೆಲದಲ್ಲಿ ಹುದುಗಿಸಿ, ಕಂಬ ಅದರೊಳಗೆ ಇಳಿದು ಏಳುವಂತೆ ಮಾಡಬೇಕು. ಕಾಳಗ ಶುರುವಾದಾಗ ಕಂಬ ತೆಗೆದಿಟ್ಟರಾಯಿತು. ಹಗ್ಗದೇಣಿಗೆ ಬೆಳ್ಳುಳ್ಳಿ ತುಂಬಿ ಬರುವ ಬಲೆಚೀಲ ಸಾಕು. ಹಾಯಿಗೆ ಹಳೆಯ ಪಂಚೆಯ ತುಂಡು, ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿದರೆ ಹತ್ತು ವರ್ಷ ಸಮುದ್ರ ಕಂಡ ಬಣ್ಣ ಬರುತ್ತದೆ.

ಎಷ್ಟು ದೊಡ್ಡ ಹಡಗು ಬೇಕು? 100 ಅಡಿಯ ಹಡಗು ಲೆಕ್ಕದ ಪ್ರಕಾರ 20 ಅಂಗುಲ. ಅಂಥ ಎರಡನ್ನು ಇಟ್ಟರೆ ಮೇಜು ಮುಗಿಯಿತು, ಚಹಾ ಲೋಟಕ್ಕೂ ಜಾಗವಿಲ್ಲ. ಉದ್ದವನ್ನು 14-15 ಅಂಗುಲಕ್ಕೆ ತಗ್ಗಿಸಿ, ಅಗಲ ಮಾತ್ರ 5 ಅಂಗುಲ ಉಳಿಸಿಕೊಳ್ಳುವುದು ಜಾಣತನ. ಕತ್ತಿವರಸೆಗೆ ಬೇಕಾದದ್ದು ಅಗಲವೇ.

ಕತೆಗೆ ಕೆರಿಬಿಯನ್ ತನಕ ಹೋಗಬೇಕೆಂದೇನೂ ಇಲ್ಲ. ಕ್ಯಾಪ್ಟನ್ ವಿಲಿಯಂ ಕಿಡ್ 1697ರಲ್ಲಿ ನೀರು, ಸೌದೆಗೆಂದು ನಮ್ಮ ಕಾರವಾರಕ್ಕೇ ಬಂದಿದ್ದ. ಅಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರಿಗೆ ಅವನ ಮೇಲೆ ಅನುಮಾನ. ಅವನ ಕಡೆಯ ಕೆಲವರು ಅಲ್ಲೇ ಇಳಿದು ತಪ್ಪಿಸಿಕೊಂಡರು. ಅಲ್ಲಿಂದ ಹೊರಟವನಿಗೆ ಗೋವಾದ ಎರಡು ಪೋರ್ಚುಗೀಸ್ ಯುದ್ಧನೌಕೆಗಳು ಎದುರಾದವು. ಮರುವರ್ಷದ ಜನವರಿಯಲ್ಲಿ ಮಲಬಾರ್ ಕಡಲಿನಲ್ಲಿ ಅವನು 'ಕ್ವೆಡಾ ಮರ್ಚೆಂಟ್' ಎಂಬ ಸರಕಿನ ಹಡಗನ್ನು ಹಿಡಿದ. ಆರ್ಮೇನಿಯನ್ ವರ್ತಕರ ಆ ಹಡಗಿನಲ್ಲಿ ರೇಷ್ಮೆ, ಸಕ್ಕರೆ ಮುಂತಾದ ಸರಕಿತ್ತು. ಆ ಲೂಟಿಯೇ ಕೊನೆಗೆ ಅವನನ್ನು 1701ರಲ್ಲಿ ಲಂಡನ್ನಿನ ನೇಣುಗಂಬಕ್ಕೆ ಮುಟ್ಟಿಸಿತು. ಈ ಕತೆ ಆಡುವವರು ಒಮ್ಮೆ ಕಿಡ್‌ನ ಕಡೆಯಿಂದ, ಇನ್ನೊಮ್ಮೆ ಸರಕು ಕಳೆದುಕೊಂಡವರ ಕಡೆಯಿಂದ ಆಡಿ ನೋಡಬೇಕು. ದಾಳ ಅದೇ ಇದ್ದರೂ ಆಟ ಬೇರೆಯೇ ಆಗುತ್ತದೆ.

ಕಿಡ್‌ನ 'ಅಡ್ವೆಂಚರ್ ಗ್ಯಾಲಿ' ಹಡಗಿಗೆ 34 ಫಿರಂಗಿ ಮಾತ್ರವಲ್ಲ, ಗಾಳಿ ಬಿದ್ದಾಗ ಹುಟ್ಟು ಹಾಕಲು 46 ಹುಟ್ಟುಗಳೂ ಇದ್ದವು. ಹಾಗಾಗಿ ಯಾವುದೇ ಅಗ್ಗದ ಆಟಿಕೆ ಹಡಗಿನ ಬದಿಗೆ ಸಾಲಾಗಿ ತೂತು ಕೊರೆದು ಹಿಡಿಕಡ್ಡಿ ಸಿಕ್ಕಿಸಿದರೆ ಅದು ಗ್ಯಾಲಿಯಾಗುತ್ತದೆ. 46 ಬೇಡ, ಬದಿಗೆ ಎಂಟು ಸಾಕು. ಫಿನಿಶಿಂಗ್ ಒರಟಾದರೂ ಚಿಂತೆಯಿಲ್ಲ. ಅಸಲಿ ಗ್ಯಾಲಿಯೇ ನೀರು ಸೋರಿ ಸೋರಿ, ಪಂಪು ಹೊಡೆದೇ ತೇಲುವ ಸ್ಥಿತಿಗೆ ಬಂದು, 1698ರಲ್ಲಿ ಮಡಗಾಸ್ಕರ್ ಪಕ್ಕದ ಸೇಂಟ್ ಮೇರಿ ದ್ವೀಪದಲ್ಲಿ ಕೈಬಿಡಬೇಕಾಯಿತು. ಮಾದರಿ ಮುರಿದರೂ ಎಸೆಯಬೇಡಿ, ಮುಂದಿನ ಆಟದಲ್ಲಿ ಅದನ್ನೇ ದಡದ ಮರಳಿನಲ್ಲಿ ಅರ್ಧ ಹೂತಿಟ್ಟರೆ ಸೇಂಟ್ ಮೇರಿ ಸಿದ್ಧ.