ಐವತ್ತು ಲಕ್ಷದ ಕಾರು, ನಾಲ್ಕಿಂಚಿನ ಉಬ್ಬು

ದೇವರಾಜ ಅರಸು ರಸ್ತೆಯಲ್ಲಿ ಹೊಸ ಕಾರೊಂದು ಬಂದು ನಿಂತಿತೆಂದರೆ ಮೈಸೂರಿಗರ ಬಾಯಲ್ಲಿ ಬರುವುದು ಎರಡೇ ಪ್ರಶ್ನೆ. "ಎಷ್ಟಾಯ್ತು ಸಾರ್?" ಮತ್ತು "ಲೀಟರಿಗೆ ಎಷ್ಟು ಕೊಡತ್ತೆ?" ಅಂಬಾಸಿಡರ್, ಫಿಯಟ್ ಕಾಲಕ್ಕೆ ಇಷ್ಟು ಸಾಕಾಗಿತ್ತು. ಆದರೆ ಈಗ ಅನುಕೂಲಸ್ಥರ ಮನೆಗಳಲ್ಲಿ ಚರ್ಚೆಗೆ ಬಂದಿರುವ ಕಾರೇ ಬೇರೆ. ನೆಲಕ್ಕೆ ತಗ್ಗಿದ ಮೈ, ಮೂತಿಯ ಮೇಲೆ ವಿದೇಶಿ ಮುದ್ರೆ, ಕಾಲಿಟ್ಟರೆ ಹಾರುವ ಎಂಜಿನ್ನು. ಇಂಥ ಕಾರು ಕೊಳ್ಳಲು ಒಂದು ದಿನ ಸಾಕು. ಅದನ್ನು ಏಳು ವರ್ಷ ಇಟ್ಟುಕೊಳ್ಳುವುದಿದೆಯಲ್ಲ, ಕಷ್ಟ ಅಲ್ಲಿದೆ ಸ್ವಾಮಿ!

ಇದ್ಯಾವ ಜಾತಿ ಕಾರು?

ಹೊರಗೆ ನೋಡಿದರೆ ಸಂಸಾರಸ್ಥರ ಸೆಡಾನು. ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ. ಒಳಗೆ ಮಾತ್ರ ಓಟಗಾರನ ಎದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1975ರಲ್ಲಿ 3 ಸೀರೀಸ್ ಎಂಬ ಕಾರನ್ನು ಹೊರತಂದಿತು. 1982ರಲ್ಲಿ ಮರ್ಸಿಡಿಸ್‌ನ 190 ಬಂತು, 1994ರಲ್ಲಿ ಆಡಿಯ ಎ4 ಬಂತು. ದೊಡ್ಡ ಮನೆತನದ ಚಿಕ್ಕ ಕಾರುಗಳು ಇವು. ಶ್ರೀಮಂತಿಕೆಯ ಮೊದಲ ಮೆಟ್ಟಿಲು ಎನ್ನಿ.

ನಮ್ಮಲ್ಲಿ ಈ ಆಸೆಗೆ ಮೊದಲು ರೂಪ ಕೊಟ್ಟದ್ದು 1984ರ ಕಾಂಟೆಸ್ಸಾ. ಅದರ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು, ಎಂಜಿನ್ನು ಮಾತ್ರ ಮೊದಮೊದಲು ನಮ್ಮ ಅಂಬಾಸಿಡರಿನದೇ. ಪೈಲ್ವಾನನ ಮೈಗೆ ಪುಕ್ಕಲನ ಎದೆ! 1995ರಲ್ಲಿ ಮರ್ಸಿಡಿಸ್ ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿತು. 2004ರಲ್ಲಿ ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ ಬಂದು ಓಟದ ರುಚಿ ಹತ್ತಿಸಿತು. 2007ರಲ್ಲಿ ಬಿ.ಎಂ.ಡಬ್ಲ್ಯು. ಚೆನ್ನೈ ಬಳಿ ಕಾರ್ಖಾನೆ ತೆರೆಯಿತು. ಹಾಗಾಗಿ ಜನ 'ಫಾರಿನ್ ಕಾರು' ಎಂದು ಕಣ್ಣರಳಿಸುವ ಎಷ್ಟೋ ಬಂಡಿಗಳು ಬಿಡಿಭಾಗವಾಗಿ ಬಂದು ಚೆನ್ನೈ, ಪುಣೆಗಳಲ್ಲೇ ಜೋಡಣೆಯಾದವು.

ಯಾರು ಎಲ್ಲಿ ಕೂತ್ಕೋತಾರೆ?

ಆರಿಸುವಾಗ ಕುದುರೆಶಕ್ತಿ ಕೇಳುವ ಮುಂಚೆ ಕೇಳಬೇಕಾದ್ದು ಈ ಪ್ರಶ್ನೆ. ಯಜಮಾನರೇ ಓಡಿಸ್ತಾರೋ, ಡ್ರೈವರ್ ಓಡಿಸ್ತಾನೋ?

2021ರ ಜನವರಿಯಲ್ಲಿ ಬಿ.ಎಂ.ಡಬ್ಲ್ಯು. ತನ್ನ 3 ಸೀರೀಸನ್ನು ಉದ್ದ ಮಾಡಿ ಭಾರತಕ್ಕೆ ತಂದಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 110 ಮಿಲಿಮೀಟರ್ ಹೆಚ್ಚು. ಯಾಕೆ? ಹಿಂದಿನ ಸೀಟಿನ ಯಜಮಾನರ ಕಾಲು ಚಾಚಲಿ ಅಂತ. ಅದರ ತಮ್ಮ 2 ಸೀರೀಸ್ ಗ್ರಾನ್ ಕೂಪೆ ಅಗ್ಗ, ನೋಡಲು ಚೂಟಿ. ಆದರೆ ಹಿಂದೆ ಇಳಿಜಾರು ಚಾವಣಿ, ಎತ್ತರದವರ ತಲೆ ತಾಗುತ್ತದೆ. ಮರ್ಸಿಡಿಸ್ ಸಿ ಕ್ಲಾಸ್ ಮೆತ್ತಗಿನ ಸವಾರಿಗೆ ಹೆಸರಾದದ್ದು.

ಶೋರೂಮಿನಲ್ಲಿ ಸಾಮಾನ್ಯವಾಗಿ ಗಂಡ ಸ್ಟೇರಿಂಗ್ ಹಿಡಿದು ಕೂತು "ಇದೇ ಇರಲಿ" ಎಂದುಬಿಡುತ್ತಾನೆ. ಆಮೇಲೆ ಮಂಡಿನೋವಿನ ತಾಯಿಯನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯುವ ದಿನ ಗೊತ್ತಾಗುತ್ತದೆ, ಈ ಕಾರಿಗೆ ಹತ್ತುವುದಲ್ಲ, ಇಳಿಯಬೇಕು. ಕಾರಿಂದ ಇಳಿಯುವುದಲ್ಲ, ಎದ್ದು ಬರಬೇಕು! ಮನೆಯ ಹಿರಿಯರನ್ನು ಹತ್ತಿಸಿ ಇಳಿಸಿ ನೋಡದೆ ಅಡ್ವಾನ್ಸ್ ಕೊಡುವುದು ಜಾಣತನವಲ್ಲ.

ಹೇಳೋ ಬೆಲೆ ಒಂದು, ಕಟ್ಟೋ ಬೆಲೆ ಒಂದು

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾಯಿತು. ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್, ಡೀಸೆಲ್ ಕಾರಿಗೆ ನೇರವಾಗಿ ಶೇಕಡಾ 40. ಅದಕ್ಕೂ ಮುಂಚೆ ಸೆಸ್ಸೂ ಸೇರಿ ಇಂಥ ಕಾರುಗಳ ಮೇಲೆ 48ರಿಂದ 50 ಬೀಳುತ್ತಿತ್ತು. "ಬೆಲೆ ಇಳೀತು" ಎಂದು ಹಿಗ್ಗಿದವರು ಬಹಳ.

ಆದರೆ ಕರ್ನಾಟಕದ ಆಜೀವ ತೆರಿಗೆ ಬೇರೆ ಇದೆಯಲ್ಲ! 20 ಲಕ್ಷ ಮೀರಿದ ಕಾರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11 ಸೆಸ್ಸು. ದೇಶದಲ್ಲೇ ಭಾರಿ ಎನ್ನಬಹುದಾದ ದರ ಇದು. ಶೋರೂಂ ಬೆಲೆ 50 ಲಕ್ಷ ಎಂದು ಇಟ್ಟುಕೊಳ್ಳಿ. ಆಜೀವ ತೆರಿಗೆ 9 ಲಕ್ಷ, ಸೆಸ್ಸು 99 ಸಾವಿರ. ಒಟ್ಟು 60 ಲಕ್ಷಕ್ಕೆ ಒಂದೇ ಸಾವಿರ ಕಡಿಮೆ. ಇದರಲ್ಲಿ ನಿಜವಾದ ಕಾರಿನ ಬೆಲೆ, ಕಂಪನಿ ಮತ್ತು ಡೀಲರ್ ಲಾಭ ಎಲ್ಲ ಸೇರಿ 35 ಲಕ್ಷ 71 ಸಾವಿರ. ಉಳಿದ 24 ಲಕ್ಷ 28 ಸಾವಿರ ತೆರಿಗೆ. ಅಂದರೆ ಕೊಟ್ಟ ಪ್ರತಿ ರೂಪಾಯಲ್ಲಿ 40 ಪೈಸೆ ಸರ್ಕಾರಕ್ಕೆ. ವಿಮೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಜೊತೆಗೆ ಶೇಕಡಾ 1 ಟಿ.ಸಿ.ಎಸ್. ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ರಸೀದಿ ಜೋಪಾನ.

'ಅಂಗಡಿ ಲೆಕ್ಕಕ್ಕೆ ಹಾಕ್ಬಿಡಿ'

ವರ್ತಕರ ಕಿವಿಯಲ್ಲಿ ಪಿಸುಗುಡುವ ಮಾತಿದು. ಅಂಗಡಿ ಹೆಸರಲ್ಲಿ ಕೊಂಡರೆ ಕಾರು ಪುಕ್ಕಟೆ ಎಂಬ ಭಾವನೆ ಸಂತೇಪೇಟೆಯಲ್ಲೂ ಉಂಟು, ಶಿವರಾಂಪೇಟೆಯಲ್ಲೂ ಉಂಟು. ನಿಜ ಏನು? ಕಾರು ಮಾರುವ, ಬಾಡಿಗೆಗೆ ಓಡಿಸುವ, ಚಾಲನೆ ಕಲಿಸುವ ವ್ಯವಹಾರ ಬಿಟ್ಟು ಮಿಕ್ಕವರಿಗೆ ಇಂಥ ಕಾರಿನ ಮೇಲೆ ಕಟ್ಟಿದ ಜಿ.ಎಸ್.ಟಿ. ವಾಪಸ್ ಬರುವುದಿಲ್ಲ. ಕಾನೂನೇ ಬಾಗಿಲು ಹಾಕಿದೆ. ಸಿಗುವುದು ಸವಕಳಿ, ವರ್ಷಕ್ಕೆ ಶೇಕಡಾ 15ರಂತೆ. ಅದೂ ತೆರಿಗೆಯಲ್ಲಿ ಕಳೆಯುವುದಲ್ಲ, ಲಾಭದಲ್ಲಿ ಕಳೆಯುವುದು. ಮನೆ ಬಳಕೆಯ ಪಾಲನ್ನು ಅಧಿಕಾರಿಗಳು ತೆಗೆದುಹಾಕಲೂಬಹುದು.

ಇನ್ನು ಸಾಲ. 40 ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ ಅಂತಿಟ್ಟುಕೊಂಡರೆ ತಿಂಗಳ ಕಂತು 64 ಸಾವಿರದ ಮೇಲೆ. ಮುಗಿಯುವ ಹೊತ್ತಿಗೆ ಕಟ್ಟಿದ್ದು 54 ಲಕ್ಷ. ದಿನದ ಲೆಕ್ಕದಲ್ಲಿ ಎರಡು ಸಾವಿರದ ನೂರು ರೂಪಾಯಿ. ಅಂಗಡಿ ಬಾಗಿಲು ತೆಗೆದರೂ ಅಷ್ಟೇ, ಬಂದ್ ದಿನ ಹಾಕಿದರೂ ಅಷ್ಟೇ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾಡಬೇಕಾದ ಲೆಕ್ಕವಿದು, ಶೋರೂಮಿನ ಎ.ಸಿ.ಯಲ್ಲಿ ಕೂತು ಅಲ್ಲ.

ಪುದುಚೇರಿ ದಾರಿ ಹಿಡಿದವರು

ಹತ್ತು ಲಕ್ಷ ತೆರಿಗೆ ತಪ್ಪಿಸಲು ಕೆಲವು ಬುದ್ಧಿವಂತರು ಕಂಡುಕೊಂಡ ದಾರಿ ಪುದುಚೇರಿ. ಅಲ್ಲೊಂದು ವಿಳಾಸ ತೋರಿಸಿ ನೋಂದಣಿ, ಇಲ್ಲಿ ಓಡಾಟ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ದಾಳಿ ನಡೆಸಿ, ತೆರಿಗೆ ಕಟ್ಟದ ಹೊರರಾಜ್ಯದ ದುಬಾರಿ ಕಾರುಗಳನ್ನು ಸಾಲಾಗಿ ಎಳೆದೊಯ್ದಿತು. ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಹಾಕಿಸಲೇಬೇಕು ಎಂದು ಮೋಟಾರು ವಾಹನ ಕಾಯಿದೆಯೇ ಹೇಳುತ್ತದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ "ನಮಗ್ಯಾಕೆ ಈ ಉಸಾಬರಿ" ಅನ್ನಿಸಬಹುದು. ಉಸಾಬರಿ ಇದೆ. ಒಂದು ಕಾರು ತಪ್ಪಿಸಿದ ಹತ್ತು ಲಕ್ಷ, ಊರಿನ ರಸ್ತೆಗೆ ಬಾರದ ಹತ್ತು ಲಕ್ಷ.

ದೆಹಲಿಯ ಅಗ್ಗದ ಕಾರಿನ ಮೋಹವೂ ಇಂಥದ್ದೇ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಅಲ್ಲಿ ನಿಷೇಧದ ಕತ್ತಿ ತೂಗುವುದರಿಂದ ಮಾರುವವರು ಹೆಚ್ಚು, ಬೆಲೆ ಕಡಿಮೆ. ಇಲ್ಲಿಗೆ ತಂದ ಮೇಲೆ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಅದರ ಬದಲು ಕೆ.ಎ. 09 ಅಥವಾ ಕೆ.ಎ. 55 ನಂಬರಿನ, ಮೂರು ವರ್ಷ ಓಡಿದ ಕಾರು ಸಿಕ್ಕರೆ ಆ ತೆರಿಗೆಯನ್ನು ಮೊದಲ ಯಜಮಾನನೇ ಕಟ್ಟಿಯಾಗಿರುತ್ತದೆ. ವಿಮೆಯವರ ಪಟ್ಟಿ ನೋಡಿ: ಆರು ತಿಂಗಳಿಂದ ಒಂದು ವರ್ಷದ ಕಾರಿಗೆ ಶೇಕಡಾ 15 ಕಡಿತ, ಮೂರನೇ ವರ್ಷಕ್ಕೆ 30, ಐದನೇ ವರ್ಷಕ್ಕೆ 50. ಹೊಸತನದ ವಾಸನೆಗೆ ತೆರುವ ಬೆಲೆ ಅದು. ಒಂದು ಎಚ್ಚರಿಕೆ: 2023ರ ಏಪ್ರಿಲ್‌ಗೂ ಮುಂಚಿನ ಪೆಟ್ರೋಲ್ ಕಾರಾದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಅದಕ್ಕೆ ಒಗ್ಗುತ್ತದೆಯೇ ಎಂದು ಕಂಪನಿಯವರನ್ನೇ ಕೇಳಿ.

ಹೊಟ್ಟೆ ತಾಗುವ ಕಥೆ

ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಂದರೆ ನಾಲ್ಕಿಂಚು. ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತೇಲಿಕೊಂಡು ದಾಟಬಹುದಾದ ದಿಬ್ಬ ಅದು. ಆದರೆ ಬಡಾವಣೆಗಳಲ್ಲಿ ನಾಲ್ಕಿಂಚಿನ ಎತ್ತರವನ್ನು ಮೂರಡಿ ಅಗಲದಲ್ಲೇ ಮುಗಿಸಿ, ಮೇಲೆ ಬಿಳಿ ಬಣ್ಣವನ್ನೂ ಬಳಿಯದೆ ಬಿಟ್ಟ ಉಬ್ಬುಗಳೇನು ಕಡಿಮೆಯೇ? ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರ ಸೊಂಟಕ್ಕೆ ಇದು ಚೆನ್ನಾಗಿ ಗೊತ್ತು.

ತಗ್ಗಿದ ಮೈ, ಉದ್ದದ ನಡುವಿನ ಕಾರು ಇಂಥ ಉಬ್ಬಿನ ಮೇಲೆ ಹೊಟ್ಟೆ ಉಜ್ಜುತ್ತದೆ. ಐದು ಜನ ಕೂತರೆ ಇನ್ನಷ್ಟು. ಉಜ್ಜಿದ್ದು ಆಯಿಲ್ ಸಂಪ್‌ಗೆ ತಾಗಿ, ಎಣ್ಣೆ ಸೋರಿ, ಗಮನಿಸದೆ ಓಡಿಸಿ ಎಂಜಿನ್ನು ಜಾಮ್ ಆದರೆ ಮಾಮೂಲಿ ವಿಮೆ ಕೈಯೆತ್ತಿಬಿಡುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇರೆಯೇ ಕೊಳ್ಳಬೇಕು. ಆದ್ದರಿಂದ ಟೆಸ್ಟ್ ಡ್ರೈವ್ ಎಂದರೆ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆಯುವುದಲ್ಲ. ಐದು ಜನರನ್ನು ಕೂರಿಸಿ, ಸ್ವಂತ ಬೀದಿಯ ಉಬ್ಬು ದಾಟಿಸಿ, ಸ್ವಂತ ಗೇಟಿನ ಇಳಿಜಾರು ಹತ್ತಿಸಿ ನೋಡುವುದು. ಬಂಡೀಪುರದ ಮೂಲಕ ಊಟಿಗೆ ಹೋಗುವ ಹವ್ಯಾಸವಿದ್ದರೆ ಕಾಡಿನ ದಾರಿಯ ಉಬ್ಬುಗಳ ಸಾಲನ್ನೂ ನೆನೆಸಿಕೊಳ್ಳಿ.

ಡಿಕ್ಕಿ ಕೂಡ ತೆರೆದು ನೋಡಿ. ಇಂಥ ಕಾರುಗಳಲ್ಲಿ ಕೆಲವಕ್ಕೆ ಸ್ಟೆಪ್ನಿಯೇ ಇರುವುದಿಲ್ಲ. ಗಾಳಿ ಹೋದರೂ 80 ಕಿಲೋಮೀಟರ್ ದೂರದವರೆಗೆ ಓಡಬಲ್ಲ ರನ್‌ಫ್ಲಾಟ್ ಟೈರು ಕೊಟ್ಟಿರುತ್ತಾರೆ. ವಿಕ್ರಾಂತ್ ಟೈರಿನ ಊರಿನವರಿಗೆ ಟೈರಿನ ಬಗ್ಗೆ ಪಾಠ ಬೇಕಿಲ್ಲ. ಆದರೂ ಒಂದು ಟೈರಿಗೆ ಎಷ್ಟು, ಯಾವ ಊರಲ್ಲಿ ಸಿಗತ್ತೆ ಎಂದು ಮೊದಲೇ ಕೇಳಿಡುವುದು ಕ್ಷೇಮ.

ಆರು ಸೆಕೆಂಡಿನ ಸುಖ

ಉದ್ದ ಮಾಡಿದ 3 ಸೀರೀಸಿನ ಪೆಟ್ರೋಲ್ ಎಂಜಿನ್ನು 258 ಕುದುರೆಶಕ್ತಿಯದು. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 6.2 ಸೆಕೆಂಡು ಎಂದು ಕಂಪನಿ ಹೇಳುತ್ತದೆ. ಸರಿ, ಮುಂದೆ? 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿ 100. ಅಂದರೆ 6.2 ಸೆಕೆಂಡಿಗೆ ಸುಖ ಮುಗಿಯಿತು! ಮೇಲೆ ಕ್ಯಾಮರಾ. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್.ಐ.ಆರ್. ಎಂದು ಪೊಲೀಸರು ಸಾರಿದ್ದರು.

ಇದೇ ರಸ್ತೆಯಲ್ಲಿ ಸಾವುನೋವು ಹೆಚ್ಚಿದಾಗ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ದಾರಿಯಿಂದ ಹೊರಗಿಟ್ಟರು. ವೇಗದವರಿಗಾಗಿ ನಿಧಾನದವರು ಪಕ್ಕದ ರಸ್ತೆಗೆ ಸರಿದರು. ಹಾಗಿರುವಾಗ ವೇಗದವರ ಹೊಣೆ ದೊಡ್ಡದಲ್ಲವೇ? ಲೆಕ್ಕ ಸರಳ: 100ರ ಬದಲು 140ರಲ್ಲಿ ಹೋದರೆ ಕಾರಿನ ಹೊಡೆತದ ಶಕ್ತಿ ಹೆಚ್ಚುಕಮ್ಮಿ ಇಮ್ಮಡಿ, ಬ್ರೇಕ್ ಹಿಡಿದು ನಿಲ್ಲುವ ದೂರವೂ ಇಮ್ಮಡಿ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದೇ ಸೆಕೆಂಡಿನಲ್ಲಿ ಕಾರು 39 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ಎದುರಿಗೆ ಯಾರಿದ್ದಾರೋ ಯಾರಿಗೆ ಗೊತ್ತು? ಒಳ್ಳೆಯ ಸ್ಪೋರ್ಟ್ಸ್ ಸೆಡಾನಿನ ನಿಜವಾದ ಲಾಭ ಬಿಗಿಯಾದ ಬ್ರೇಕು, ತಿರುವಿನಲ್ಲಿ ಜಾರದ ಹಿಡಿತ, ಲಾರಿಯನ್ನು ಚುರುಕಾಗಿ ದಾಟುವ ಶಕ್ತಿ. ಮಡಿಕೇರಿ ಘಾಟಿಯಲ್ಲಿ ಅದು ತಿಳಿಯುತ್ತದೆ.

ಜಾವಾ ಕಲಿಸಿದ ಪಾಠ

ಓಟದ ಹುಚ್ಚು ಮೈಸೂರಿಗೆ ಹೊಸದಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜಾವಾ, ಆಮೇಲೆ ಯೆಜ್ಡಿ, 1978ರ ರೋಡ್‌ಕಿಂಗ್. ಆ ಕಾಲದ ಹುಡುಗರ ಪಾಲಿನ ಸ್ಪೋರ್ಟ್ಸ್ ಗಾಡಿ ಅವೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮುಚ್ಚಲಿಲ್ಲ! ಕಾರಣ, ಕೈಬಲ್ಲ ಮೆಕ್ಯಾನಿಕ್ಕರು, ಸಿಗುತ್ತಿದ್ದ ಸ್ಪೇರುಗಳು, ಸ್ವತಃ ಪ್ಲಗ್ ಬಿಚ್ಚಿ ತಿಕ್ಕುತ್ತಿದ್ದ ಯಜಮಾನರು.

ಇಂದಿನ ಕಾರಿಗೆ ಆ ಭಾಗ್ಯವಿಲ್ಲ. ಅದರ ಕಾಯಿಲೆ ಹೇಳುವುದು ಕಂಪ್ಯೂಟರು. ಹಾಗಾಗಿ ಸಹಿ ಹಾಕುವ ಮುಂಚೆ ಕಾಗದದ ಮೇಲೆ ಬರೆಸಿಕೊಳ್ಳಬೇಕಾದ್ದು ಇಷ್ಟು: ಅಧಿಕೃತ ಸರ್ವೀಸು ಎಲ್ಲಿ? ಕೆಟ್ಟು ನಿಂತರೆ ಎಳೆದೊಯ್ಯುವ ಖರ್ಚು ಯಾರದು? ವಾರಂಟಿ ಎಷ್ಟು ವರ್ಷ, ಮುಂದುವರಿಸಲು ಎಷ್ಟು? ಮುಂದಿನ ಬಂಪರು, ಹೆಡ್‌ಲೈಟು, ನಾಲ್ಕು ಟೈರು ಇವುಗಳ ಬೆಲೆ ಏನು? ಈ ಉತ್ತರ ಕೇಳಿಯೂ ರಾತ್ರಿ ನಿದ್ದೆ ಬಂದರೆ ಕಾರು ತನ್ನಿ, ಆಯುಧಪೂಜೆಗೆ ಬೂದುಗುಂಬಳ ಒಡೆಯಿರಿ, ಸಂತೋಷವಾಗಿ ಓಡಿಸಿ. ದುಡಿದ ದುಡ್ಡಿನ ಸುಖಕ್ಕೆ ಯಾರ ತಕರಾರೂ ಇಲ್ಲ.

ಪೂಜೆ ಮುಗಿಸಿ ಬೀದಿ ತಿರುವಿಗೆ ಬಂದ ಮೇಲೆ ಮಾತ್ರ ಎಲ್ಲರ ಪಾಡೂ ಒಂದೇ. ಹತ್ತು ಲಕ್ಷ ತೆರಿಗೆ ಕಟ್ಟಿದವರಿಗೂ, ಟಿಕೆಟ್ ಹರಿಸಿಕೊಂಡು ಸಿಟಿ ಬಸ್ಸಿನಲ್ಲಿ ನಿಂತವರಿಗೂ ಅದೇ ಉಬ್ಬು. ಆ ಉಬ್ಬನ್ನು ಅಳತೆಗೆ ತನ್ನಿ ಎಂದು ಇಬ್ಬರೂ ಸೇರಿ ಕೇಳುವ ಹಕ್ಕು ಮಾತ್ರ ಯಾವ ಶೋರೂಮಿನಲ್ಲೂ ಮಾರಾಟಕ್ಕಿಲ್ಲ, ಪುಕ್ಕಟೆಯೇ ಇದೆ.