ಷಾರ್ಲಟ್‌ನ ಮಕ್ಕಳು ಬಸ್ಸು ಹತ್ತಿದ ಕಥೆ

ಅಮೆರಿಕದ ಶಾಲೆಗಳ ದಿಕ್ಕು ಬದಲಿಸಿದ ಒಂದು ಮೊಕದ್ದಮೆಯ ಬುಡ ಹುಡುಕಿಕೊಂಡು ಹೋದರೆ ಭಾರತಕ್ಕೆ ಬಂದು ಮುಟ್ಟುತ್ತೇವೆ. ಕಪ್ಪುವರ್ಣೀಯ ದಂಪತಿ ಡೇರಿಯಸ್ ಮತ್ತು ವೀರಾ ಸ್ವಾನ್ ಇಲ್ಲಿ ಮಿಷನರಿಗಳಾಗಿದ್ದವರು. 1964ರಲ್ಲಿ ಅವರು ನಾರ್ತ್ ಕೆರೊಲಿನಾದ ಷಾರ್ಲಟ್‌ಗೆ ಮರಳಿದಾಗ ಮಗ ಜೇಮ್ಸ್‌ಗೆ ಆರು ವರ್ಷ. ಎರಡೂ ಬಣ್ಣದ ಮಕ್ಕಳಿದ್ದ ಸೆವರ್ಸ್‌ವಿಲ್ ಶಾಲೆಗೆ ಅವನನ್ನು ಸೇರಿಸಲು ಹೋದರೆ, ಶಾಲಾ ಮಂಡಳಿ ಬಿಡ್ಲ್‌ವಿಲ್ ಶಾಲೆಯತ್ತ ಬೊಟ್ಟು ಮಾಡಿತು. ಅಲ್ಲಿ ಓದುತ್ತಿದ್ದವರು ಕಪ್ಪುವರ್ಣೀಯರು ಮಾತ್ರ. ಮೊದಲು ಅಲ್ಲಿಗೆ ಸೇರಿಸಿ, ಆಮೇಲೆ ಬೇಕಾದರೆ ವರ್ಗಾವಣೆಗೆ ಅರ್ಜಿ ಹಾಕಿ ಎಂಬ ಉತ್ತರ. ಕಚೇರಿಗಳ ಈ ಧಾಟಿ ನಮಗೂ ಹೊಸದೇನಲ್ಲ.

ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟ್ ಹೇಳಿ ಆಗಲೇ ಹತ್ತು ವರ್ಷವಾಗಿತ್ತು. ಇದೇ ಊರಲ್ಲಿ 1957ರಲ್ಲಿ ಬಿಳಿಯರ ಹಾರ್ಡಿಂಗ್ ಹೈಸ್ಕೂಲಿಗೆ ಹೊರಟ ಹದಿನೈದರ ಡೊರೊಥಿ ಕೌಂಟ್ಸ್ ಮೇಲೆ ಗುಂಪು ಉಗುಳಿತ್ತು, ಕಲ್ಲೆಸೆದಿತ್ತು. ಅವಳು ಆ ಶಾಲೆಯಲ್ಲಿ ಉಳಿದದ್ದು ನಾಲ್ಕೇ ದಿನ.

ಸ್ವಾನ್ ಪರವಾಗಿ 1965ರಲ್ಲಿ ದಾವೆ ಹೂಡಿದವರು ಜೂಲಿಯಸ್ ಚೇಂಬರ್ಸ್ ಎಂಬ ತರುಣ ವಕೀಲ. ಅದೇ ವರ್ಷ ಅವರ ಕಾರಿಗೆ ಬಾಂಬ್ ಬಿತ್ತು, ನವೆಂಬರಿನಲ್ಲಿ ಮನೆಗೂ ಬಿತ್ತು. ಚೇಂಬರ್ಸ್ ಕೇಸು ಬಿಡಲಿಲ್ಲ. 1969ರಲ್ಲಿ ನ್ಯಾಯಾಧೀಶ ಜೇಮ್ಸ್ ಮೆಕ್‌ಮಿಲನ್ ಮುಂದೆ ಲೆಕ್ಕ ಬಿಚ್ಚಿಕೊಂಡಿತು. ಜಿಲ್ಲೆಯಲ್ಲಿ 84,000ಕ್ಕೂ ಹೆಚ್ಚು ಮಕ್ಕಳು, 107 ಶಾಲೆ. ನಗರದ ಸುಮಾರು 14,000 ಕಪ್ಪುವರ್ಣೀಯ ಮಕ್ಕಳು ತಮ್ಮವರೇ ತುಂಬಿದ 21 ಶಾಲೆಗಳಲ್ಲಿ. ಜನ ವಾಸಿಸುವುದೇ ಹಾಗೆ, ನಾವೇನು ಮಾಡೋಣ ಎಂಬ ವಾದ ನಿಲ್ಲಲಿಲ್ಲ. ಬಡಾವಣೆಗಳನ್ನು ಹಾಗೆ ಬೇರೆ ಮಾಡಿದ್ದರಲ್ಲಿ ಸರ್ಕಾರದ ಕೈಯೂ ಇತ್ತು. ಹಾಗಾದರೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯಿರಿ ಎಂದರು ಮೆಕ್‌ಮಿಲನ್. ಊರು ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿತು. 1971ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಆದೇಶವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಸ್ವಾನ್ ಕುಟುಂಬ ಊರು ಬಿಟ್ಟಾಗಿತ್ತು. ಮುಂದೆ ಭಾರತದ ರಂಗಭೂಮಿಯನ್ನು ಅಧ್ಯಯನ ಮಾಡಿದ ಡೇರಿಯಸ್, ಆ ಬಗ್ಗೆ 1990ರಲ್ಲಿ ಬಂದ ಇಂಗ್ಲಿಷ್ ಗ್ರಂಥದ ಸಂಪಾದಕರಲ್ಲೊಬ್ಬರಾದರು.

ಗೆಲುವೇನೋ ಸರಿ, ಅದರ ಹೊರೆ ಹೊತ್ತವರು ಯಾರು? ಯೋಜನೆಯ ಪ್ರಕಾರ ಕಪ್ಪುವರ್ಣೀಯ ಮಕ್ಕಳು ಒಂದರಿಂದ ನಾಲ್ಕನೇ ತರಗತಿವರೆಗೆ ಬಿಳಿಯರ ಬಡಾವಣೆಗೆ ಹೋಗಬೇಕು. ಬಿಳಿಯ ಮಕ್ಕಳು ಈಚೆ ಬರುವುದು ಐದು ಮತ್ತು ಆರನೇ ತರಗತಿಗೆ ಮಾತ್ರ. ಅಂದರೆ ಹಾಲುಹಲ್ಲಿನ ಕೂಸುಗಳೇ ನಸುಕಿನಲ್ಲೆದ್ದು ನಾಲ್ಕು ವರ್ಷ ಓಡಾಡಬೇಕು. ಕಪ್ಪುವರ್ಣೀಯರ ಹೆಮ್ಮೆಯಾಗಿದ್ದ ಸೆಕೆಂಡ್ ವಾರ್ಡ್ ಹೈಸ್ಕೂಲ್ ಮುಚ್ಚಿಯೇಹೋಯಿತು. ಆಗ್ನೇಯ ಭಾಗದ ಸಿರಿವಂತರು ಮಾತ್ರ ಮೊದಮೊದಲು ಬೆಚ್ಚಗಿದ್ದರು. ಬಡ ಬಿಳಿಯರೇ ಇದಕ್ಕೆ ಸಿಡಿದೆದ್ದರು. 1974ರಲ್ಲಿ ಸಿರಿವಂತರ ಮಕ್ಕಳನ್ನೂ ವೆಸ್ಟ್ ಷಾರ್ಲಟ್ ಹೈಸ್ಕೂಲಿಗೆ ಕಳಿಸಿದ ಮೇಲೆಯೇ ಗಲಾಟೆ ತಣ್ಣಗಾದದ್ದು. ಪ್ರಭಾವಿಗಳ ಮಕ್ಕಳು ಕೂರುವ ತರಗತಿ ಸೋರಿದರೆ ಮಂಡಳಿಗೆ ಬೇಗ ಕೇಳಿಸುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲಿದೆ. ಮುಂದೆ 1984ರಲ್ಲಿ ಚುನಾವಣಾ ಪ್ರಚಾರಕ್ಕೆ ಬಂದ ಅಧ್ಯಕ್ಷ ರೇಗನ್ ಈ ಬಸ್ ವ್ಯವಸ್ಥೆಯನ್ನು ಜರೆದಾಗ ಅವರದೇ ಸಭೆ ಚಪ್ಪಾಳೆ ಮರೆತು ಕೂತಿತ್ತು. ಮರುದಿನ ಊರಿನ ಪತ್ರಿಕೆ, ನೀವು ಹೇಳಿದ್ದು ತಪ್ಪು ಎಂದು ಸಂಪಾದಕೀಯವನ್ನೇ ಬರೆಯಿತು.

ಊರು ಬೆಳೆಯಿತು, ಹೊಸಬರು ಬಂದರು. ಅವರಲ್ಲೊಬ್ಬ ಬಿಳಿಯ ತಂದೆ, ತನ್ನ ಮಗಳಿಗೆ ಬಣ್ಣದ ಕಾರಣಕ್ಕೆ ಸೀಟು ತಪ್ಪಿತೆಂದು 1997ರಲ್ಲಿ ಕೋರ್ಟಿಗೆ ಹೋದರು. 1999ರಲ್ಲಿ ತೀರ್ಪು ಅವರ ಕಡೆಗಾಯಿತು; 2002ರ ಹೊತ್ತಿಗೆ ಹಳೆಯ ವ್ಯವಸ್ಥೆ ಮುಗಿಯಿತು. ಬಡ ಮಕ್ಕಳು ಒಂದು ಕಡೆ, ಉಳ್ಳವರು ಇನ್ನೊಂದು ಕಡೆ ಎಂಬಂತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಬಡತನದಲ್ಲಿ ಹುಟ್ಟಿದ ಮಗು ಮೇಲೇರುವ ಸಾಧ್ಯತೆಯನ್ನು ದೇಶದ 50 ದೊಡ್ಡ ನಗರಗಳಲ್ಲಿ ಅಳೆದ 2014ರ ಅಧ್ಯಯನ ಷಾರ್ಲಟ್‌ಗೆ ಕೊಟ್ಟದ್ದು ಕೊನೆಯ ಸ್ಥಾನ.

ಆಮೇಲೆ ಮಂಡಳಿ ಬಣ್ಣದ ಬದಲು ಬಡಾವಣೆಯ ಆದಾಯ, ಪೋಷಕರ ಓದು ನೋಡಿ ಶಾಲೆಗಳನ್ನು ಹೆಣೆಯತೊಡಗಿತು. 2018ರಿಂದ ಬಡವರ ಬಿಲ್ಲಿಂಗ್ಸ್‌ವಿಲ್, ಉಳ್ಳವರ ಕಾಟ್ಸ್‌ವಾಲ್ಡ್ ಶಾಲೆಗಳು ಜೋಡಿಯಾದವು. ಎರಡೂ ಕಡೆಯ ಮಕ್ಕಳು ಎರಡನೇ ತರಗತಿವರೆಗೆ ಬಿಲ್ಲಿಂಗ್ಸ್‌ವಿಲ್‌ನಲ್ಲಿ, ಮೂರರಿಂದ ಐದು ಕಾಟ್ಸ್‌ವಾಲ್ಡ್‌ನಲ್ಲಿ. ಈ ಸಲ ಉಳ್ಳವರ ಪುಟಾಣಿಗಳೂ ಮೊದಲ ದಿನದಿಂದಲೇ ಹೊರಡಬೇಕು. ಅಷ್ಟು ದೊಡ್ಡ ಜಿಲ್ಲೆಯಲ್ಲಿ ಹೀಗೆ ಜೋಡಿಯಾದ ಶಾಲೆಗಳು ಮಾತ್ರ ಬೆರಳೆಣಿಕೆಯಷ್ಟು.