ಸೂರಿನ ಕೆಳಗೂ ದಾರಿ ತೋರಬಲ್ಲ ವೈಫೈ

ದೇಹೂ ರೋಡ್: ಊರಿನಿಂದ ಚಿಕಿತ್ಸೆಗೆಂದು ಬರುವ ಹಿರಿಯರನ್ನು ಇಲ್ಲಿನ ಕನ್ನಡಿಗರು ಲೋಕಲ್ ಹಿಡಿದು ಪಿಂಪ್ರಿ, ಪುಣೆಯ ದೊಡ್ಡ ಆಸ್ಪತ್ರೆಗಳಿಗೆ ಕರೆದೊಯ್ಯುವುದುಂಟು. ಮರಾಠಿ ಫಲಕ ಓದಲು ಬಾರದ ಹಿರಿಯರು ಎಕ್ಸ್‌ರೇ ಕೋಣೆ ಹುಡುಕುತ್ತಾ ಮಹಡಿ ತಪ್ಪಿದರೆ ಮನೆಮಂದಿಗೆಲ್ಲ ಗಾಬರಿ. ಬಯಲಿನಲ್ಲಿ ದಾರಿ ತೋರುವ ಜಿಪಿಎಸ್ ಕಾಂಕ್ರೀಟ್ ಸೂರಿನಡಿ ಕೈಕೊಡುತ್ತದೆ. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಕ್ಷೀಣ ಸಂಕೇತ ಒಳಗೆ ಸರಿಯಾಗಿ ತಲುಪುವುದಿಲ್ಲ.

ಇದಕ್ಕೆ ವೈಫೈ ಉತ್ತರವಾಗಬಲ್ಲದು. ಸಂಕೇತದ ಬಲ ನೋಡಿ ದೂರ ಊಹಿಸುವ ಹಳೆಯ ಕ್ರಮ ಗೋಡೆ, ಜನಜಂಗುಳಿಯ ನಡುವೆ ತಪ್ಪುತ್ತಿತ್ತು. 2016ರ ವೈಫೈ ಮಾನದಂಡದಲ್ಲಿ ಸೇರಿದ ಕ್ರಮದಲ್ಲಿ, ಸಂಕೇತ ಫೋನಿನಿಂದ ರೂಟರ್‌ಗೆ ಹೋಗಿ ಮರಳುವ ಸಮಯವನ್ನೇ ಅಳೆಯಲಾಗುತ್ತದೆ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುವುದರಿಂದ, ಹೋಗಿಬರುವ ಸಮಯದಲ್ಲಿ 10 ನ್ಯಾನೊಸೆಕೆಂಡ್ ಲೆಕ್ಕ ತಪ್ಪಿದರೂ ದೂರದಲ್ಲಿ ಒಂದೂವರೆ ಮೀಟರ್ ವ್ಯತ್ಯಾಸವಾಗುತ್ತದೆ. ಎಲ್ಲಿವೆಯೆಂದು ಗೊತ್ತಿರುವ ಮೂರು ಅಥವಾ ಹೆಚ್ಚು ರೂಟರ್‌ಗಳಿಂದ ದೂರ ಸಿಕ್ಕರೆ ಫೋನ್ ಒಂದೆರಡು ಮೀಟರ್ ಅಂತರದಲ್ಲಿ ತನ್ನ ಜಾಗ ಕಂಡುಕೊಳ್ಳಬಲ್ಲದು. 2018ರ ಆಂಡ್ರಾಯ್ಡ್ 9 ಇದಕ್ಕೆ ಅವಕಾಶ ಕಲ್ಪಿಸಿತು.

ಆದರೆ ಫೋನ್, ರೂಟರ್ ಎರಡಕ್ಕೂ ಈ ಸಾಮರ್ಥ್ಯವಿರಬೇಕು. ಕಟ್ಟಡದ ನಕ್ಷೆಯೂ ಬೇಕು. ಅಲ್ಲಿಯ ತನಕ ಹಿರಿಯರ ಜೇಬಿನಲ್ಲಿ ವಾರ್ಡ್ ಸಂಖ್ಯೆ, ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರಿಸುವುದು ಲೇಸು.